ಹೊಲಿಗೆ ಕ್ಲಾಸಿನ ಒಂದು ವೋಟು

ಠಣ್! ಠಣ್! ಠಣ್! ಶಹಾಬಾದಿನ ಕಲ್ಲು ಕೊಯ್ಯುವ ಮಷಿನ್ನುಗಳ ಗದ್ದಲವನ್ನೂ ಮೀರಿ ಇಂದಿಗೂ ನನ್ನ ಕಿವಿಯಲ್ಲಿ ಉಳಿದಿರುವುದು, ಕಾಕಾ ಹಿತ್ತಾಳೆ ತಾಟಿಗೆ ಸೌಟು ಬಡಿಯುತ್ತಿದ್ದ ಸದ್ದು. ನನ್ನ ಕಾಕಾ, ಅಂದರೆ ಅಪ್ಪನ ತಮ್ಮ, ಬದನೇಕಾಯಿಯನ್ನೂ ಎಲೆಕ್ಷನ್ನಿಗೆ ನಿಲ್ಲಿಸಿದ ಮಹಾಶಯ. ನಂಬುತ್ತೀರಾ?

ಆಗಿನ್ನೂ ಮೈಸೂರು ರಾಜ್ಯ. ನಮ್ಮ ಮನೆಯಲ್ಲಿ ಅವರೊಬ್ಬರೇ ಗ್ರಾಜುಯೇಟ್. ಪದವೀಧರ ಕ್ಷೇತ್ರಕ್ಕೆ ವೋಟು ಹಾಕಿ ಬಂದ ದಿನದಿಂದ ಅವರಿಗೆ ಮುದ್ರೆ ಒತ್ತುವ ವೋಟು ಸಪ್ಪೆಯಾಯಿತು. "ಅಲ್ಲಿ ಒಂದು, ಎರಡು, ಮೂರು ಅಂತ ಬರೀಬೇಕು! ಯಾರು ಬೇಕು ಅಂತಷ್ಟೇ ಅಲ್ಲ, ಅವ ಇಲ್ಲಂದ್ರ ಯಾರು ಅಂತನೂ ಕೇಳ್ತಾರ. ವೆರಿ ಸಿವಿಲೈಸ್ಡ್!"

ಮರುದಿನವೇ ತಾಟು ಬಡಿದು ಎಲ್ಲರನ್ನೂ ಕರೆದರು: ಅಡುಗೆಮನೆಯಲ್ಲಿ ಮತದಾನ. ಅಭ್ಯರ್ಥಿಗಳು ಬದನೇಕಾಯಿ, ಬೆಂಡೇಕಾಯಿ, ಪುಂಡಿಪಲ್ಯ. ಮತದಾರರು ಅಪ್ಪ, ಅವ್ವ, ಅಜ್ಜಿ, ಕಾಕಾ, ನಾನು. ಅಜ್ಜಿಗೆ ಓದು ಬಾರದೆಂದು ಚೀಟಿಯ ಮೇಲೆ ಚಿತ್ರ, ಅಂಕಿಯ ಬದಲು ಗೀಟು: ಮೊದಲ ಆಯ್ಕೆಗೆ ಒಂದು, ಎರಡನೆಯದಕ್ಕೆ ಎರಡು!

ಬದನೆಗೆ ಎರಡು, ಪುಂಡಿಗೆ ಎರಡು, ಬೆಂಡೆಗೆ ಅಜ್ಜಿಯದೊಂದೇ. ಕಾಕಾ ಬೆಂಡೆಯನ್ನು ಕಣದಿಂದ ತೆಗೆದು, ಅಜ್ಜಿ ಎರಡು ಗೀಟು ಎಳೆದದ್ದು ಯಾವುದಕ್ಕೆಂದು ನೋಡಿದರು. ಪುಂಡಿಗೆ! ಮೂರು ವೋಟಾಗಿ ಪುಂಡಿ ಗೆದ್ದಿತು.

"ನನ್ನ ಬೆಂಡಿಕಾಯಿ ಸತ್ತು ಪುಂಡಿಪಲ್ಯ ಆಗಿ ಹುಟ್ಟ್ಯಾದೇನೋ?" ಅಂದಳು ಅಜ್ಜಿ.

"ಹೌದವ್ವಾ, ಪುನರ್ಜನ್ಮ!" ಅಂದ ಬದನೇಕಾಯಿಪ್ರಿಯ ಕಾಕಾನ ಮುಖ ನೋಡಬೇಕಿತ್ತು.

ಗೆದ್ದ ಅಪ್ಪನಿಗೆ ಖುಷಿಯೋ ಖುಷಿ. "ರೂಲ್ ಅಂದ್ರ ರೂಲ್, ತಮ್ಮಾ! ಸುಮ್ನ ಉಣ್ಣು."

ನನ್ನ ಕಾನ್ವೆಂಟಿನ ಓದು ಮುಗಿದಾಗ ಅಪ್ಪ ವಾಡಿಯ ರೇಲ್ವೆ ವರನೊಬ್ಬನನ್ನು ನೋಡಿಬಂದರು. ನನಗೋ ಗುಲಬರ್ಗಾದ ಕಾಲೇಜಿನ ಹುಚ್ಚು. ಎರಡು ದಿನ ಊಟ ಬಿಟ್ಟೆ. (ಡ್ರಾಮಾ ಅಂತೀರಾ? ಅನ್ನಿ!) ಮೂರನೇ ದಿನ, ಠಣ್! ಠಣ್!

ಈ ಸಲ ಚೀಟಿಯಲ್ಲಿ ಬಾಸಿಂಗ, ಪುಸ್ತಕ, ಹೊಲಿಗೆ ಯಂತ್ರ.

"ಈ ಹೊಲಿಗಿ ಕ್ಲಾಸ್ ಯಾರು ಕೇಳ್ಯಾರೋ?" ಅಜ್ಜಿ ರೇಗಿದಳು.

"ಪಕ್ಷೇತರ ಅಭ್ಯರ್ಥಿ, ಅವ್ವಾ. ಇರ್ಲಿ ಬಿಡು."

ಅಪ್ಪ, ಅಜ್ಜಿ ಮದುವೆಗೆ. ಕಾಕಾ, ನಾನು ಕಾಲೇಜಿಗೆ. ಹೊಲಿಗೆಗೆ ಒಂದು. ಯಾರದೆಂದು ಹೇಳಬೇಕೇ? ಅಪ್ಪನಿಗೆ ಎಂದೂ ಎದುರಾಡದ ಅವ್ವ ಸೆರಗಿನ ಅಂಚನ್ನೇ ನೋಡುತ್ತಿದ್ದಳು. ಹೊಲಿಗೆ ಔಟ್! ಕಾಕಾ ಅವ್ವನ ಚೀಟಿಯನ್ನು ಅಪ್ಪನ ಮುಂದಿಟ್ಟರು. ಪುಸ್ತಕದ ಕೆಳಗೆ ಎರಡು ಗೀಟು.

ಅಪ್ಪ ಬಹಳ ಹೊತ್ತು ಚೀಟಿ ನೋಡಿದರು. ಆಮೇಲೆ ಅವ್ವನನ್ನು. "ರೂಲ್ ಅಂದ್ರ ರೂಲ್," ಅಂದರು, ಮೆಲ್ಲಗೆ.

ಕಾಕಾನನ್ನು ನಾನು ಕೊನೆಯ ಸಲ ನೋಡಿದ್ದು ಪದವೀಧರರ ಬೂತಿನಲ್ಲಿ. ಆಗ ನಾನೂ ಗ್ರಾಜುಯೇಟ್, ಅಲ್ಲಿ ನನ್ನ ಮೊದಲ ವೋಟು. ಸಾಲಿನಲ್ಲಿ ಕೋಲೂರಿ ನಿಂತಿದ್ದವರನ್ನು ಕೇಳಿದೆ: "ಕಾಕಾ, ಯಾರಿಗೂ ಬ್ಯಾಡಾದ ಆ ಹೊಲಿಗಿ ಕ್ಲಾಸ್ ಯಾಕ ನಿಲ್ಲಿಸಿದ್ರಿ?"

"ನಿಮ್ಮಪ್ಪನ ಎದುರು ಪುಸ್ತಕಕ್ಕ ಒಂದನೇ ಗೀಟು ಎಳೀಲಾಕ ನಿಮ್ಮವ್ವಗ ಧೈರ್ಯ ಇರಲಿಲ್ಲ, ಬೇಬಿ. ಎರಡನೇದು ಎಳೀತಾಳ ಅಂತ ಗೊತ್ತಿತ್ತು."

ಅಷ್ಟರಲ್ಲಿ ಅವರ ಸರದಿ ಬಂತು. ಕೋಲನ್ನು ನನ್ನ ಕೈಗೆ ಕೊಟ್ಟು, ಮದುಮಗನಂತೆ ಅಂಗಿ ಸರಿಮಾಡಿಕೊಂಡು, ಒಳಗೆ ನಡೆದರು.