ಕೊನೆಗೆ ಇಳಿಯುವ ಕಾಕಾ

ನಮ್ಮ ಕಾಕಾನಷ್ಟು ದಾರಿ ಬಲ್ಲವರೂ ಇಲ್ಲ, ಅವರಷ್ಟು ದಾರಿ ತಪ್ಪಿಸಿದವರೂ ಇಲ್ಲ! ಎಪ್ಪತ್ತೊಂದರ ಯುದ್ಧದಲ್ಲಿ ಅವರು ಬಾಂಬರ್ ವಿಮಾನದ ನ್ಯಾವಿಗೇಟರ್. ಹಾರಿಸುವವನು ಪೈಲಟ್, ದಾರಿ ಹೇಳುವವರು ಇವರು. ಗಡಿಯಾಚೆ ಕತ್ತಲಲ್ಲಿ ಗುರಿ ಹುಡುಕಿದ ಈ ಮಹಾನುಭಾವರಿಗೆ ಹುಕ್ಕೇರಿಯ ಕಲ್ಯಾಣಮಂಟಪ ಸಿಗಲಿಲ್ಲ ಎಂದರೆ ನಂಬುತ್ತೀರಾ?

ತಪ್ಪು ರಸ್ತೆಯದಂತೆ. ತರಬೇತಿಯಲ್ಲಿ ನಕಾಶೆಯ ಮೇಲೆ ನೆಟ್ಟಗೆ ಗೆರೆ ಎಳೆಯಲು ಕಲಿಸಿದ್ದರು. ನಮ್ಮ ರಸ್ತೆಗಳಿಗೆ ಆ ತರಬೇತಿ ಆಗಿಲ್ಲ.

"ಎಡಕ್ಕ ಐದು ಡಿಗ್ರಿ ತಿರುಗಸಪಾ," ಎಂದರು ಡ್ರೈವರನಿಗೆ.

"ಎಡಕ್ಕ ಕಬ್ಬಿನ ಹೊಲ ಐತ್ರಿ ಸಾಹೇಬ್ರ."

"ಮ್ಯಾಲಿಂದ ಹೋದ್ರ ಕಬ್ಬು ಏನ್ ಮಾಡತೈತಿ?"

ಅಕ್ಷತೆ ಬೀಳುವ ಹೊತ್ತಿಗೆ ನಾವು ಬೆಲ್ಲದ ಬಾಗೇವಾಡಿಯಲ್ಲಿ ದಾರಿ ಕೇಳುತ್ತಿದ್ದೆವು.

ಅದನ್ನಾದರೂ ಸಹಿಸಬಹುದು. ಯಾವ ಗಾಡಿಯಿಂದಲೂ ಕಾಕಾ ಎಲ್ಲರಿಗಿಂತ ಕೊನೆಗೇ ಇಳಿಯಬೇಕು! ಒಮ್ಮೆ ಬೆಳಗಾವಿಯಿಂದ ಮೂಡಲಗಿ ಬಸ್ಸಿನಲ್ಲಿ ನಮ್ಮೂರು ಗೋಕಾಕಕ್ಕೆ ಬಂದೆವು. ಎಲ್ಲರೂ ಇಳಿಯಲಿ ಎಂದು ಕಾಕಾ ಕೂತೇ ಇದ್ದರು. ಮೂಡಲಗಿಗೆ ಹೋಗುವವರು ಗೋಕಾಕದಲ್ಲಿ ಯಾಕೆ ಇಳಿದಾರು? ಮೂಡಲಗಿಯಿಂದ ಫೋನು ಬಂತು: "ಈಗ ಎಲ್ಲಾರೂ ಇಳದ್ರು. ನಾನೂ ಇಳದೇನಿ."

"ಯುದ್ಧ ಮುಗದು ಯಾವ ಕಾಲಾತು, ಇವರಿಗೆ ಇನ್ನೂ ಇಳಿಯಾಕ ಬರವಲ್ದು," ಎಂದು ಕಾಕಾನ ಹೆಂಡತಿ, ನಮ್ಮ ಕಾಕೂ, ಹಣೆ ಚಚ್ಚಿಕೊಂಡರು.

ಕಳೆದ ತಿಂಗಳು ಸಂಕೇಶ್ವರದ ದಾರಿಯಲ್ಲಿ ನಮ್ಮ ಕಾರಿನ ಮುಂಭಾಗದಿಂದ ದಟ್ಟ ಹೊಗೆ ಎದ್ದಿತು. ಡ್ರೈವರ್ ಹಾರಿದ. ಅವನಿಗಿಂತ ಮೊದಲು ನಾನು ಹಾರಿದ್ದೆ. ಹಿಂದಿನ ಸೀಟಿನಲ್ಲಿ ಮೊಣಕಾಲು ನೋವಿನ ಕಾಕೂ, ಪಕ್ಕದಲ್ಲಿ ಕಾಕಾ.

"ನೀವರ ಇಳೀರಿ," ಎಂದು ಕಾಕೂ ಅವರನ್ನು ನೂಕಿದರು.

"ನೀ ಮೊದಲ."

ಹೆಂಡತಿಯ ಕಾಲುಗಳನ್ನು ಒಂದೊಂದಾಗಿ ಹೊರಗಿಟ್ಟು, ಹಿಂದಿನಿಂದ ಎತ್ತಿಕೊಟ್ಟು, ಆಮೇಲೆ ತಾವು ಇಳಿದರು. ಹೊಗೆಯೆಂದುಕೊಂಡದ್ದು ರೇಡಿಯೇಟರಿನ ಆವಿ. ಆದರೂ ನನಗೆ ಸಿಟ್ಟು ಬಂತು.

"ಬೆಂಕಿ ಹತ್ತಿದ್ರ ಏನ್ ಮಾಡ್ತಿದ್ರಿ ಕಾಕಾ? ಏನ್ ಹುಚ್ಚಿದು?"

ಕಾಕಾ ರಸ್ತೆ ಬದಿಯ ಕಲ್ಲಿನ ಮೇಲೆ ಕೂತರು. "ನಮ್ಮ ವಿಮಾನದಾಗ ಹೊರಗ ಹಾರಿ ಉಳಿಯೋ ಕುರ್ಚಿ ಪೈಲಟ್‌ಗಷ್ಟ ಇತ್ತು. ನನಗಿರಲಿಲ್ಲ. ಗುಂಡು ಬಡದು ಹೊಗಿ ತುಂಬಿದಾಗ, ನೀನರ ಹಾರು ಅಂದೆ. ಅಂವ ಹಾರಲಿಲ್ಲ. ಮನಿ ದಾರಿ ಹೇಳು ಅಂದ. ಹೇಳಿದೆ. ಇಬ್ಬರೂ ಬಂದ್ವಿ."

ಇಷ್ಟು ವರ್ಷ ಜೊತೆಗೆ ಬಾಳಿದ ಕಾಕೂಗೂ ಇದು ಗೊತ್ತಿರಲಿಲ್ಲ.

ಬೇರೆ ಗಾಡಿ ಮಾಡಿಕೊಂಡು ಗೋಕಾಕಕ್ಕೆ ಮರಳಿದೆವು. ಮನೆ ಮುಂದೆ ನಾನು ಇಳಿದೆ. ಕಾಕಾ ಎಂದಿನಂತೆ ಕೂತಿದ್ದರು. ಕಾಕೂ ಕೂಡ ಏಳಲಿಲ್ಲ.

"ಇಳಿ," ಎಂದರು ಕಾಕಾ.

"ಒಬ್ಬಾಕಿ ಇಳಿಯೂದಿಲ್ರಿ," ಎಂದು ಕಾಕೂ ಅವರ ಕೈ ಹಿಡಿದರು. "ಮನಿ ದಾರಿ ಹೇಳ್ರಿ."

ಹತ್ತು ಹೆಜ್ಜೆಯಾಚೆ ನಮ್ಮ ಬಾಗಿಲು ತೆರೆದೇ ಇತ್ತು. ಕಾಕಾ ಅದರತ್ತ ಬೆರಳು ತೋರಿಸಿದರು, ನನಗೆ ಕಣ್ಣು ತುಂಬಿ ಬಂತು.