ಗೋಡೆಯೂ ಮೂವತ್ತಪ್ಪನೂ

ಬೆಳ್ಳಂಬೆಳಗ್ಗೆ ತಲೆ ಕೆಡಿಸಿದ್ದು ಪೇಪರಿನ ಒಂದು ಸೊನ್ನೆ. ಹಿಂದಿನ ದಿನದ ಬ್ಯಾಸ್ಕೆಟ್‌ಬಾಲ್ ಪಂದ್ಯದಲ್ಲಿ ಯಾರ್ಯಾರು ಎಷ್ಟು ಅಂಕ ಹೊಡೆದರು ಅನ್ನುವ ಪಟ್ಟಿಯ ಕೊನೆಯಲ್ಲಿ, ಗೋಡೆಯ ಹೆಸರಿನ ಮುಂದೆ, ಕೋಳಿಮೊಟ್ಟೆಯ ಹಾಗೆ ದುಂಡಗೆ ಕೂತಿತ್ತು.

ಗೋಡೆ ಅಂದರೆ ಆರೂವರೆ ಅಡಿ ಆಳು. ಒಂಬತ್ತು ವರ್ಷದಿಂದ ಆಟವೇ ಅವನ ನೌಕರಿ. ಅವನ ಕೆಲಸ ಬುಟ್ಟಿಗೆ ಚೆಂಡು ಹಾಕುವುದಲ್ಲ, ಹಾಕುವವನಿಗೆ ಹಾಕಗೊಡದಿರುವುದು.

"ಅಳಿಯಂದ್ರೇ, ಮತ್ತೆ ಸೊನ್ನೆಯಾ?" ಮಾವ ಕನ್ನಡಕ ಏರಿಸಿದರು.

"ನಾನು ತಡೀತಿದ್ದೋನದೂ ಸೊನ್ನೆಯೇ ಮಾವ! ಅದನ್ನ ನೋಡಿ!"

"ಅಂದ್ರೆ ಇಬ್ರೂ ದಂಡ ಅಂತಾಯ್ತು."

ಪಕ್ಕದ ಮನೆ ದರ್ಜಿ ಕಿಟಕಿಯಲ್ಲಿ ಇಣುಕಿದ. "ಅಷ್ಟೆತ್ತರ ಇದ್ದೀಯಲ್ಲಣ್ಣ, ಕೈಯೆತ್ತಿ ಒಂದಾದ್ರೂ ಹಾಕ್ಬಾರ್ದಾ?"

ಗೋಡೆಯ ಮೈಯೆಲ್ಲ ಉರಿಯಿತು. ಊಟದಲ್ಲಿ ಉಪ್ಪು ಸರಿಯಿದ್ದರೆ ಯಾರಾದರೂ ಹೊಗಳುತ್ತಾರೆಯೇ? ಇರಲಿ, ಸಂಜೆ ಗೊತ್ತಾಗುತ್ತದೆ! ಮುಂದಿನ ವರ್ಷಕ್ಕೆ ಅವನನ್ನು ಇಟ್ಟುಕೊಳ್ಳಬೇಕೋ ಬೇಡವೋ ಎಂದು ತಂಡದ ಮಾಲೀಕ ತೀರ್ಮಾನಿಸುವುದು ಇವತ್ತಿನ ಪಂದ್ಯ ನೋಡಿಯೇ. ಎದುರು ತಂಡದಲ್ಲಿರುವುದು ಮೂವತ್ತಪ್ಪ. ಹೆಚ್ಚುಕಮ್ಮಿ ಪ್ರತಿ ಪಂದ್ಯದಲ್ಲೂ ಮೂವತ್ತು ಅಂಕ ಹೊಡೆಯುವವನೆಂದು ಆ ಹೆಸರು. ಅವನನ್ನು ಕಟ್ಟಿಹಾಕಿದರೆ ಮಾಲೀಕನ ಕಣ್ಣು ತೆರೆಯದೆ ಹೋದೀತೇ?

ಮಧ್ಯಾಹ್ನ ಕೋಚ್ ಫೋನ್ ಮಾಡಿದ. "ಲೋ, ನೀನಾಡ್ತೀಯ ಅಂತ ಗೊತ್ತಾಗಿ ಮೂವತ್ತಪ್ಪ ಆರಾಮಿಲ್ಲ ಅಂದ್ಬಿಟ್ಟ. ಅವನಿಲ್ಲ ಅಂದ್ಮೇಲೆ ನೀನ್ಯಾಕೆ? ಬೆಂಚಲ್ಲಿ ಕೂತ್ಕೋ."

"ಸಾರ್, ನನಗೆ ಹೆದರೇ ಅವನು ಬರ್ತಿಲ್ಲ, ಅದಕ್ಕೆ ನನ್ನನ್ನೇ ಕೂರಿಸ್ತೀರಾ? ಕಳ್ಳ ಬರ್ಲಿಲ್ಲ ಅಂತ ನಾಯೀನ ಓಡಿಸ್ತಾರಾ?"

"ಓಡಿಸಲ್ಲ, ಕಟ್ಟಿಹಾಕ್ತಾರೆ." ಕೋಚ್ ಫೋನಿಟ್ಟ.

ಗೋಡೆ ಎದುರು ತಂಡ ಇಳಿದಿದ್ದ ಹೋಟೆಲಿಗೆ ನುಗ್ಗಿದ. ಮೂವತ್ತಪ್ಪ ಮಂಚದ ಮೇಲೆ ಕಾಲ ಮೇಲೆ ಕಾಲು ಹಾಕಿ, ಐಸ್‌ಕ್ರೀಮ್ ತಿನ್ನುತ್ತಾ ಟಿ.ವಿ. ನೋಡುತ್ತಿದ್ದ. ಗೋಡೆಯನ್ನು ಕಂಡದ್ದೇ ತಡ, ಚಮಚ ಬಾಯಲ್ಲೇ ಉಳಿಯಿತು.

"ಬಾರಯ್ಯಾ ಆಡೋಕೆ!"

"ಬರಲ್ಲ ಮಾರಾಯ. ಹೋದ್ಸಲ ನನ್ನ ನೆರಳಿಗೂ ಜಾಗ ಬಿಡ್ಲಿಲ್ಲ ನೀನು. ನೀರು ಕುಡಿಯೋಕೆ ಹೋದ್ರೆ ಅಲ್ಲೂ ಅಡ್ಡ ನಿಂತಿದ್ದೆ."

ಗೋಡೆ ಬೇಡಿದ, ಕೈ ಮುಗಿದ. ಯಾವುದೂ ನಾಟದಿದ್ದಾಗ ಬಾಗಿಲಿಗೆ ಒರಗಿ, "ಆಯ್ತು ಬಿಡು. ಕೆಳಗೆ ಲಿಫ್ಟಿನೋನೂ ಅದೇ ಅಂತಿದ್ದ, ಹುಲಿ ಹೆದರಿ ಕಂಬಳಿ ಹೊದ್ದು ಮಲಗಿದೆ ಅಂತ" ಎಂದ.

"ಯಾವನೋ ಅವನು!" ಐಸ್‌ಕ್ರೀಮ್ ಬಟ್ಟಲು ಗೋಡೆಗೆ ಬಡಿಯಿತು. ನಮ್ಮ ಗೋಡೆಗಲ್ಲ, ಹೋಟೆಲಿನದಕ್ಕೆ.

ಸಂಜೆ ಮೂವತ್ತಪ್ಪ ಅಂಕಣಕ್ಕೆ ಬಂದದ್ದೇ ಕೋಚ್ ಗೋಡೆಯನ್ನೂ ಇಳಿಸಿದ. ಗೋಡೆ ಒದ್ದೆ ಅಂಗಿಯ ಹಾಗೆ ಅವನಿಗೆ ಅಂಟಿಕೊಂಡ. ಎಡಕ್ಕೆ ಹೊರಳಿದರೆ ಗೋಡೆ, ಬಲಕ್ಕೆ ಹೊರಳಿದರೆ ಗೋಡೆ, ಹಾರಿದರೆ ಮೂಗಿನ ಮುಂದೆ ಗೋಡೆಯ ಅಂಗೈ. ಮೂವತ್ತಪ್ಪನಿಗೆ ಚೆಂಡಿನ ದರ್ಶನವೇ ದುರ್ಲಭವಾಯಿತು. ಗೋಡೆಯ ತಂಡ ಗೆದ್ದಿತು. ಮೂವತ್ತಪ್ಪನ ಅಂಕ ಸೊನ್ನೆ!

ಗೋಡೆ ಎದೆಯುಬ್ಬಿಸಿಕೊಂಡು ಮಾಲೀಕನ ಮುಂದೆ ನಿಂತ.

"ಮೂವತ್ತಪ್ಪ ಏನೋ ಭಾರಿ ಆಟಗಾರ ಅಂದ್ರು, ಒಂದೂ ಹಾಕ್ಲಿಲ್ವಲ್ಲ!" ಮಾಲೀಕ ಮೂಗು ಮುರಿದ. "ಇಂಥವನನ್ನ ತಡೆಯೋಕೆ ನಿನ್ನನ್ನ ಸಾಕ್ಬೇಕಾ? ಒಂದು ಕುರ್ಚಿ ಇಟ್ಟಿದ್ರೂ ಸಾಕಿತ್ತು."

"ಸಾರ್! ಅವನು ಹಾಕ್ದೇ ಇದ್ದದ್ದು ನನ್ನಿಂದ!" ಗೋಡೆ ಹಾದುಹೋಗುತ್ತಿದ್ದ ಮೂವತ್ತಪ್ಪನ ತೋಳು ಹಿಡಿದೆಳೆದ. "ನೀನೇ ಹೇಳೋ, ನಿನ್ನ ಬಾಯಿಂದ್ಲೇ ಹೇಳು!"

ಮೂವತ್ತಪ್ಪ ಸುತ್ತ ನೋಡಿದ. ಪೇಪರಿನವರು ಪೆನ್ನು ಹಿಡಿದು ನಿಂತಿದ್ದರು. ಮುಖ ಬಾಡಿಸಿಕೊಂಡ.

"ಇವನಿಂದಲಾ? ನಂಗೆ ಜ್ವರ ಸಾರ್. ಮಲಗಿದ್ದೋನನ್ನ ರೂಮಿಗೆ ಬಂದು ಎಬ್ಬಿಸ್ಕೊಂಡು ಬಂದಿದ್ದೇ ಇವನು."

"ಹೌದೇನೋ?" ಮಾಲೀಕ ಗೋಡೆಯ ಕಡೆ ತಿರುಗಿದ.

"ಎಬ್ಬಿಸಿದ್ದು ನಿಜ ಸಾರ್, ಆದ್ರೆ ಜ್ವರ..."

ಮಾಲೀಕ ಮೂವತ್ತಪ್ಪನ ಹಣೆ ಮುಟ್ಟಿ ಥಟ್ಟನೆ ಕೈ ಹಿಂದೆಗೆದ. ಕಾದ ಹೆಂಚು! ನಲವತ್ತು ನಿಮಿಷ ಗೋಡೆ ಉಸಿರಾಡಲು ಬಿಡದೆ ಓಡಿಸಿದ ಮೈ, ತಣ್ಣಗಿರುತ್ತದೆಯೇ?

"ಥೂ, ಹೀಗೆ ಸುಡ್ತಿರೋನನ್ನ ಎಬ್ಬಿಸ್ಕೊಂಡು ಬಂದು ತಡೆದೆ ಅಂತೀಯಾ? ಮನುಷ್ಯನೇನೋ ನೀನು? ನಾಳೆಯಿಂದ ಈ ಕಡೆ ತಲೆ ಹಾಕ್ಬೇಡ!"