ಹನ್ನೊಂದು ಸಹಿಗಳ ನಾಯಿ

ಕ್ಷೇತ್ರಕಾರ್ಯದ ಪಟ್ಟಿ ಮುಂದಿನ ಬೆಂಚಿನಿಂದ ಹಿಂದಕ್ಕೆ ಬರುತ್ತದೆ ಎಂಬುದು ಗೊತ್ತಿದ್ದೂ ಯೋಗರಾಜ್ ಹಿಂದಿನ ಬೆಂಚಿನಲ್ಲಿ ಕೂತಿದ್ದ. ಶಂಕರಘಟ್ಟದ ವಿಶ್ವವಿದ್ಯಾಲಯದಲ್ಲಿ ಸಮಾಜಕಾರ್ಯ ಓದುವವರು ಕೊನೆಯ ವರ್ಷದಲ್ಲಿ ಯಾರದಾದರೂ ಒಂದು ಕಷ್ಟವನ್ನು ತಲೆಗೆ ಕಟ್ಟಿಕೊಳ್ಳಬೇಕು. ಪಟ್ಟಿ ಅವನ ಕೈಗೆ ಬರುವಷ್ಟರಲ್ಲಿ ವೃದ್ಧರನ್ನು, ಶಾಲೆ ಬಿಟ್ಟ ಮಕ್ಕಳನ್ನು, ಸ್ವಸಹಾಯ ಸಂಘದ ಹೆಂಗಸರನ್ನು ಮುಂದಿನವರೆಲ್ಲ ಹಂಚಿಕೊಂಡು ಆಗಿತ್ತು. ಉಳಿದದ್ದು ಒಂದೇ ಸಾಲು: ‘ಬೀದಿನಾಯಿಗಳು ಮತ್ತು ಯುವಜನ’. ನಾಯಿ ಕಂಡರೆ ರಸ್ತೆಯ ಆಚೆ ಬದಿಗೆ ದಾಟುವ ಜಾಯಮಾನದ ಯೋಗರಾಜ್ ಅದರ ಮುಂದೆ ತನ್ನ ಹೆಸರು ಬರೆದ.

ಪ್ರಿಯಂವದಾ ಮೇಡಂ ಅವರ ನಿಯಮ ಸರಳವಾಗಿತ್ತು. ವರದಿ ಎಷ್ಟೇ ದಪ್ಪವಿರಲಿ, ಮನೆಯಿಲ್ಲದ ಒಂದು ನಾಯಿಗಾದರೂ ಮನೆ ಸಿಕ್ಕಿರಬೇಕು. ಸಿಕ್ಕಿದರೆ ಸಹಿ, ಇಲ್ಲದಿದ್ದರೆ ಒಂದು ವರ್ಷ ನೀರಿನಲ್ಲಿ ಹೋಮ. ಸೋಮವಾರ ಕೊನೆಯ ದಿನ. ಹಿಂದಿನ ಶುಕ್ರವಾರದವರೆಗೂ ಯೋಗರಾಜನ ವರದಿಯಲ್ಲಿ ‘ಮನೆ ಸಿಕ್ಕ ನಾಯಿಗಳು’ ಎಂಬ ಕಾಲಂನ ಎದುರು ಸೊನ್ನೆ ಕೂತಿತ್ತು.

ಅವನು ಏನೂ ಮಾಡಲಿಲ್ಲ ಎಂದರೆ ಪಾಪ ಬಂದೀತು. ಶಿವಮೊಗ್ಗದಲ್ಲಿ ಭೂಮಿಕಾ ಎಂಬ ಹುಡುಗಿ ಕಟ್ಟಿದ್ದ ವಿದ್ಯಾರ್ಥಿಗಳ ತಂಡದ ಜೊತೆ ಮೂರು ತಿಂಗಳು ತಿರುಗಿದ್ದ. ಬೇಸಿಗೆಯಲ್ಲಿ ಅಂಗಡಿಗಳ ಮುಂದೆ ನೀರಿನ ತೊಟ್ಟಿ ಇಟ್ಟ. ಗಾಡಿಗೆ ಸಿಕ್ಕದಿರಲೆಂದು ನಾಯಿಗಳ ಕೊರಳಿಗೆ ಹೊಳೆಯುವ ಪಟ್ಟಿ ಕಟ್ಟುವವರಿಗೆ ದೂರ ನಿಂತು ಟಾರ್ಚು ಹಿಡಿದ. ಸಂತಾನಹರಣ ಚಿಕಿತ್ಸೆಗೆ ಹೋಗುವ ನಾಯಿಗಳ ಬೀದಿ, ಬಣ್ಣ, ಗುರುತನ್ನೆಲ್ಲ ಬರೆದುಕೊಂಡು, ಆಮೇಲೆ ಅದದೇ ಬೀದಿಗೆ ಬಿಟ್ಟು ಬರುವಾಗ ವ್ಯಾನಿನ ಮುಂದಿನ ಸೀಟಿನಲ್ಲಿ ಕೂತು ದಾರಿ ತೋರಿಸಿದ. ನಾಯಿಯನ್ನು ಮುಟ್ಟುವುದೊಂದು ಬಿಟ್ಟು ಮಿಕ್ಕ ಸೇವೆಯನ್ನೆಲ್ಲ ಮನಸಾರೆ ಮಾಡಿದ್ದ. ಭಾನುವಾರ ಆಲ್ಕೊಳ ಸರ್ಕಲ್ ಹತ್ತಿರ ನಾಯಿಗಳ ದತ್ತು ಶಿಬಿರವಿತ್ತು. ಅದೇ ಅವನ ಕೊನೆಯ ಆಸೆ.

ಶನಿವಾರ ಬೆಳಿಗ್ಗೆ ಅವನ ಅದೃಷ್ಟ ಭದ್ರಾವತಿಯ ಅವನ ಬಾಡಿಗೆ ಕೋಣೆಯ ಮೆಟ್ಟಿಲು ಹತ್ತಿ ಬಂತು. ಬಂದವರು ಮನೆ ಯಜಮಾನ ಷಣ್ಮುಖಪ್ಪ. ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದು, ಅದರಲ್ಲಿ ಇಪ್ಪತ್ತು ವರ್ಷ ಕಾರ್ಮಿಕ ಸಂಘದ ಕಾರ್ಯದರ್ಶಿಯಾಗಿದ್ದವರು. ನಿವೃತ್ತರಾದರೂ ಕೈ ಸುಮ್ಮನಿರುತ್ತಿರಲಿಲ್ಲ. ವಾರಕ್ಕೊಂದು ಮನವಿ ಪತ್ರ ಬರೆದು, ಬೀದಿಯ ಹನ್ನೊಂದು ಮನೆಗಳ ಸಹಿ ಹಾಕಿಸಿ, ನಗರಸಭೆಗೆ ಕಳಿಸುತ್ತಿದ್ದರು. ಈ ವಾರದ ಮನವಿ ಹೀಗಿತ್ತು: ‘ನಮ್ಮ ಬೀದಿಯಲ್ಲಿ ಕಂದು ಬಣ್ಣದ ನಾಯಿಯೊಂದರ ಉಪಟಳ ವಿಪರೀತವಾಗಿದ್ದು, ಸದರಿ ನಾಯಿಯನ್ನು ಕೂಡಲೇ ಸ್ಥಳಾಂತರಿಸಬೇಕೆಂದು ಸಮಸ್ತ ನಿವಾಸಿಗಳು ಒಕ್ಕೊರಲಿನಿಂದ ಆಗ್ರಹಿಸುತ್ತೇವೆ.’ ಕೆಳಗೆ ಹನ್ನೊಂದು ಸಹಿ. ಕೊನೆಯದು ಎದುರು ಮನೆಯ ಮುದುಕಿ ಹುಲಿಗೆಮ್ಮನ ಹೆಬ್ಬೆಟ್ಟು.

ಜೆರಾಕ್ಸ್ ಮಾಡಿಸಿಕೊಂಡು ಬಾ ಎಂದು ಕೊಟ್ಟ ಆ ಹಾಳೆಯನ್ನು ಓದುತ್ತ ಯೋಗರಾಜನ ಮುಖ ಅರಳಿತು. ಆ ನಾಯಿ ಅವನಿಗೆ ಗೊತ್ತಿತ್ತು. ಸಂತಾನಹರಣ ಚಿಕಿತ್ಸೆಯಾದ ಗುರುತಿಗೆ ಕಿವಿಯ ತುದಿ ಕತ್ತರಿಸಿದ್ದ, ಲಸಿಕೆ ಹಾಕಿಸಿಕೊಂಡಿದ್ದ, ಯಾರನ್ನೂ ಕಚ್ಚದ ಸಾಧು ಪ್ರಾಣಿ.

“ಸಾರ್, ಇದನ್ನ ನಾನೇ ಸಾಗಿಸಿಬಿಡ್ಲಾ?” ಎಂದು ಕೇಳಿದ.

“ಮಾಡು ಮಾರಾಯ, ಪುಣ್ಯ ಬರುತ್ತೆ,” ಎಂದು ಷಣ್ಮುಖಪ್ಪ ಕೆಮ್ಮುತ್ತಾ ಇಳಿದು ಹೋದರು.

ಭಾನುವಾರ ಬೀದಿ ಏಳುವ ಮೊದಲೇ ಭೂಮಿಕಾಳ ವ್ಯಾನು ಬಂತು. ಬೀದಿಯಿಂದ ನಾಯಿಯನ್ನು ಎತ್ತುವ ಮೊದಲು ಬೀದಿಯವರನ್ನು ಕೇಳಬೇಕು ಎಂಬುದು ಅವಳ ತಂಡದ ಮೊದಲ ಪಾಠ. ಕೇಳಿದ್ದೀಯಾ ಎಂದಳು. ಯೋಗರಾಜ್ ಮನವಿ ಪತ್ರವನ್ನು ಬಿಡಿಸಿ ಹಿಡಿದ. ಒಂದು ನಾಯಿಯ ಬಗ್ಗೆ ಇಷ್ಟು ಒಗ್ಗಟ್ಟನ್ನು ತಾನು ಎಲ್ಲೂ ಕಂಡಿಲ್ಲ ಎಂದು ಅವಳು ಬೆರಗಾದಳು. ನಾಯಿ ಎರಡು ಬಿಸ್ಕತ್ತಿಗೆ ತಾನೇ ವ್ಯಾನು ಹತ್ತಿ, ಯೋಗರಾಜನ ತೊಡೆಯ ಮೇಲೆ ತಲೆಯಿಟ್ಟು ಮಲಗಿತು. ಇಪ್ಪತ್ತು ಕಿಲೋಮೀಟರು ಅವನು ಉಸಿರನ್ನು ಕಂತಿನಲ್ಲಿ ಬಿಟ್ಟ. ಶಿವಮೊಗ್ಗ ಬರುವಷ್ಟರಲ್ಲಿ ಮಾತ್ರ ಅವನ ಕೈ ತಾನಾಗಿ ಅದರ ತುದಿಯಿಲ್ಲದ ಕಿವಿಯನ್ನು ಸವರುತ್ತಿತ್ತು.

ಶಿಬಿರದಲ್ಲಿ ಜನ ಮರಿಗಳನ್ನು ಮುದ್ದು ಮಾಡಿದರು. ದೊಡ್ಡ ನಾಯಿಯ ಕಡೆ ತಿರುಗಿಯೂ ನೋಡಲಿಲ್ಲ. ಹನ್ನೆರಡು ಗಂಟೆಗೆ ಪ್ರಿಯಂವದಾ ಮೇಡಂ ಕ್ಷೇತ್ರಕಾರ್ಯ ಪರಿಶೀಲನೆಗೆ ಬಂದರು. ನಾಯಿ ಸೀದಾ ಹೋಗಿ ಅವರ ಪಾದದ ಮೇಲೆ ಗದ್ದ ಊರಿತು. ಮೇಡಂ ಮಾತಿನ ಮಧ್ಯೆ ನಿಲ್ಲಿಸಿ ಕೆಳಗೆ ನೋಡಿದರು. ಇಪ್ಪತ್ತು ವರ್ಷ ಪಾಠ ಮಾಡಿದ್ದರೂ ಇಷ್ಟು ಗಮನ ಕೊಟ್ಟು ತಮ್ಮ ಮಾತನ್ನು ಯಾರೂ ಕೇಳಿಸಿಕೊಂಡಿರಲಿಲ್ಲ ಎಂದರು. ಹತ್ತು ನಿಮಿಷದಲ್ಲಿ ನಾಯಿ ಅವರ ಕಾರಿನಲ್ಲಿ ದುರ್ಗಿಗುಡಿಯ ಅವರ ಮನೆಗೆ ಹೊರಟಿತು. ವರದಿಯಲ್ಲಿದ್ದ ಸೊನ್ನೆಯನ್ನು ಹೊಡೆದುಹಾಕಿ ‘ಒಂದು’ ಎಂದು ಬರೆದು, ಅವರೇ ಸಹಿ ಹಾಕಿದರು.

ಯೋಗರಾಜನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಬೀದಿಯವರು ಹಾರ ಹಾಕದಿದ್ದರೂ ಕೊನೇಪಕ್ಷ ಒಂದು ಲೋಟ ಕಾಫಿ ಕೊಟ್ಟಾರು ಎಂದುಕೊಂಡು ಭದ್ರಾವತಿಯ ಬಸ್ಸು ಹತ್ತಿದ.

ಬೀದಿ ಸಾವಿನ ಮನೆಯ ಹಾಗಿತ್ತು. ಹನ್ನೊಂದು ಗೇಟುಗಳ ಪಕ್ಕದಲ್ಲೂ ಒಂದೊಂದು ತಟ್ಟೆ. ಒಂದರಲ್ಲಿ ಮೊಸರನ್ನ, ಒಂದರಲ್ಲಿ ಮುದ್ದೆ, ಒಂದರಲ್ಲಿ ಭಾನುವಾರದ ಮೂಳೆ, ಷಣ್ಮುಖಪ್ಪನವರ ಗೇಟಿನಲ್ಲಿ ತುಪ್ಪ ಸವರಿದ ಎರಡು ಚಪಾತಿ. ಯಾವುದನ್ನೂ ಯಾರೂ ಮುಟ್ಟಿರಲಿಲ್ಲ. ಆವತ್ತೇ ಬೀದಿಗೂ ಗುಟ್ಟು ತಿಳಿದದ್ದು. ಪಾಪ, ಇದಕ್ಕೆ ನಾನೊಬ್ಬನೇ ದಿಕ್ಕು ಎಂದುಕೊಂಡು ಪ್ರತಿ ಮನೆಯವರೂ ಪಕ್ಕದವರ ಕಣ್ಣು ತಪ್ಪಿಸಿ ಅದಕ್ಕೆ ಉಣ್ಣಿಸುತ್ತಿದ್ದರು. ಟೈಲರ್ ಶಿವರಾಮನಿಗೆ ಅದು ಟೈಗರ್, ಹುಲಿಗೆಮ್ಮನಿಗೆ ಕೆಂಚ, ಷಣ್ಮುಖಪ್ಪನವರಿಗೆ ಕಾಮ್ರೇಡ್. ಅದು ಹಗಲಲ್ಲಿ ಅಷ್ಟು ನಿದ್ದೆ ಹೊಡೆಯುತ್ತಿದ್ದದ್ದು ಯಾಕೆಂದು ಈಗ ಎಲ್ಲರಿಗೂ ಅರ್ಥವಾಯಿತು. ದಿನಕ್ಕೆ ಹನ್ನೊಂದು ಊಟ ಅರಗಬೇಡವೇ.

ಯೋಗರಾಜ್ ತಾನು ಮಾಡಿದ ಘನಕಾರ್ಯವನ್ನು ಹೇಳಿದ. ಹುಲಿಗೆಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡು, ಬೆಳಿಗ್ಗೆಯಿಂದ ಒಂದು ಹನಿ ನೀರೂ ಗಂಟಲಲ್ಲಿ ಇಳಿದಿಲ್ಲ ಎಂದಳು. ಶಿವರಾಮ ಹೊಲಿಗೆ ಮೆಷಿನ್ ನಿಲ್ಲಿಸಿ ಅವನನ್ನು ಅಡಿಯಿಂದ ಮುಡಿಯವರೆಗೆ ಅಳೆದು ನೋಡಿದ.

“ನೀವೇ ಅಲ್ವಾ ಸಾರ್ ಬರೆದಿದ್ದು? ಹನ್ನೊಂದು ಸಹಿ ಇತ್ತು,” ಎಂದು ಯೋಗರಾಜ್ ತೊದಲಿದ.

ಷಣ್ಮುಖಪ್ಪ ಗೇಟಿನ ಪಕ್ಕದ ಚಪಾತಿಯಿಂದ ಕಣ್ಣು ತೆಗೆಯಲಿಲ್ಲ. “ಸಾಗಿಸ್ತೀನಿ ಅಂದಾಗ ಮನವಿಯನ್ನ ನಗರಸಭೆಗೆ ಸಾಗಿಸ್ತೀಯ ಅಂದ್ಕೊಂಡೆ. ಮನವಿ ಕೊಡೋದು ನಮ್ಮ ಪದ್ಧತಿ ಕಣಯ್ಯಾ. ಮೂವತ್ತು ವರ್ಷದಿಂದ ಕೊಡ್ತಾ ಇದ್ದೀನಿ. ಇವತ್ತಿನವರೆಗೂ ಒಂದನ್ನಾದ್ರೂ ಯಾರಾದ್ರೂ ಈಡೇರಿಸಿದ್ದಾರಾ? ಈಡೇರುತ್ತೆ ಅಂತ ಗೊತ್ತಿದ್ರೆ ಯಾರು ಸಹಿ ಹಾಕ್ತಾರೆ?”

ಹುಲಿಗೆಮ್ಮನ ಮುಖ ನೋಡಲಾರದೆ ಯೋಗರಾಜ್ ಬಂದ ದಾರಿಗೆ ಸುಂಕವಿಲ್ಲವೆಂದು ಮತ್ತೆ ಶಿವಮೊಗ್ಗದ ಬಸ್ಸು ಹತ್ತಿದ. ನಾಯಿ ವಾಪಸು ಬಂದರೆ ಒಂದು ವರ್ಷ ಹಾಳು, ಬಾರದಿದ್ದರೆ ಒಬ್ಬಳು ಮುದುಕಿ ಉಪವಾಸ. ದಾರಿಯುದ್ದಕ್ಕೂ ಅವನು ಎರಡನ್ನೂ ತೂಗಿ ನೋಡಿದ. ಪ್ರತಿ ಸಲವೂ ಮುದುಕಿಯೇ ಭಾರವಾದಳು.

ದುರ್ಗಿಗುಡಿಯ ಮನೆಯಲ್ಲಿ ಮೇಡಂ ಕೂಡ ಸೋತು ಕೂತಿದ್ದರು. ನಾಯಿ ಬಾಗಿಲಿಗೆ ಮುಖ ಮಾಡಿ ಕೂತುಬಿಟ್ಟಿತ್ತು. ಹಾಲು, ಅನ್ನ, ಮೊಟ್ಟೆ ಯಾವುದೂ ಬೇಡ. ಯೋಗರಾಜನನ್ನು ಕಂಡದ್ದೇ ಎದ್ದು ಅವನ ಎದೆಗೆ ಎರಡೂ ಮುಂಗಾಲಿಟ್ಟಿತು. ಅವನು ರಸ್ತೆ ದಾಟಿ ಓಡಲಿಲ್ಲ. ಗಟ್ಟಿಯಾಗಿ ಅಪ್ಪಿಕೊಂಡ. ಮೇಡಂ ಅದನ್ನು ನೋಡಿ ಮೆತ್ತಗಾದರು, ಆದರೆ ನಿಯಮ ಬಿಡಲಿಲ್ಲ. ದತ್ತು ಪತ್ರದಲ್ಲಿ ಒಬ್ಬ ಮಾಲೀಕನ ಹೆಸರು ಇರಲೇಬೇಕು.

“ನಿನ್ನ ಹೆಸರಿಗೇ ಮಾಡ್ಕೊ. ನಾಯಿ ಅಲ್ಲಿರೋದಕ್ಕೆ ಮನೆ ಓನರ್ ಹತ್ರ ಒಪ್ಪಿಗೆ ಬರೆಸ್ಕೊಂಡು ನಾಳೆ ತಂದುಕೊಡು. ಆಗ ಈ ಒಂದನ್ನ ನಾನು ಹೊಡೆದುಹಾಕಲ್ಲ,” ಎಂದರು.

ಒಪ್ಪಿಗೆಗೇನು ಬರ, ಇಡೀ ಬೀದಿಯೇ ಕಾಯುತ್ತಿದೆ. ಯೋಗರಾಜ್ ಕಣ್ಣು ಮುಚ್ಚಿ ಸಹಿ ಹಾಕಿದ. ಬಸ್ಸಿನ ಕಂಡಕ್ಟರು ನಾಯಿಯನ್ನು ಹತ್ತಿಸಲಿಲ್ಲ. ಕೊನೆಗೆ ಭದ್ರಾವತಿಯ ಛತ್ರವೊಂದಕ್ಕೆ ಕುರ್ಚಿ ಸಾಗಿಸುತ್ತಿದ್ದ ಗೂಡ್ಸ್ ಗಾಡಿಯವನು ಕರುಣೆ ತೋರಿದ. ನಾಯಿ ಮುಂದಿನ ಕುರ್ಚಿಯ ಮೇಲೆ ಮುಖ್ಯ ಅತಿಥಿಯ ಹಾಗೆ ಕೂತು ಗಾಳಿ ತಿಂದಿತು. ಯೋಗರಾಜ್ ಬೀಳದಂತೆ ಅದರ ಕುರ್ಚಿಯನ್ನು ಹಿಡಿದುಕೊಂಡು ಹಿಂದೆ ನಿಂತಿದ್ದ.

ಸಂಜೆ ಬೀದಿಯಲ್ಲಿ ಹಬ್ಬ. ಹುಲಿಗೆಮ್ಮ ಕೆಂಪು ನೀರಿನ ಆರತಿ ಎತ್ತಿ ದೃಷ್ಟಿ ತೆಗೆದಳು, ನಾಯಿಗೆ. ಶಿವರಾಮ ಉಳಿದ ಬಟ್ಟೆಯಲ್ಲಿ ಒಂದು ಹಾಸಿಗೆ ಹೊಲಿದು ತಂದ. ಕಾಫಿಯ ಮಾತು ಯಾರೂ ಎತ್ತಲಿಲ್ಲ. ಷಣ್ಮುಖಪ್ಪ ಕನ್ನಡಕ ಏರಿಸಿ, ‘ಸದರಿ ನಾಯಿಯು ನನ್ನ ಮನೆಯ ಆವರಣದಲ್ಲಿ ಶಾಶ್ವತವಾಗಿ ವಾಸಿಸಲು ನನ್ನ ಸಂಪೂರ್ಣ ಒಪ್ಪಿಗೆ ಇದೆ’ ಎಂದು ಬರೆದು ದೊಡ್ಡದಾಗಿ ಸಹಿ ಹಾಕಿದರು. ಆಮೇಲೆ ದತ್ತು ಪತ್ರ ಓದಿದರು. ‘ಮಾಲೀಕ: ಯೋಗರಾಜ್’ ಎಂಬಲ್ಲಿಗೆ ಬಂದು ಅವರ ಕಣ್ಣು ನಿಂತಿತು.

“ಹಾಗಾದ್ರೆ ಇವ್ನು ಪರೀಕ್ಷೆ ಮುಗಿಸಿ ಊರಿಗೆ ಹೋಗೋವಾಗ ಕೆಂಚನ್ನೂ ಕರ್ಕೊಂಡು ಹೋಗ್ತಾನಾ?” ಎಂದು ಹುಲಿಗೆಮ್ಮ ಮೆಲ್ಲಗೆ ಕೇಳಿದಳು.

ಖಂಡಿತ ಇಲ್ಲ, ಬೇಕಾದರೆ ನಿಮ್ಮಲ್ಲೇ ಯಾರ ಹೆಸರಿಗಾದರೂ ಮಾಡಿಸುತ್ತೇನೆ ಎಂದ ಯೋಗರಾಜ್. ಅವನು ಆಡಬಾರದಿದ್ದ ಮಾತು ಅದೇ. ಯಾರ ಹೆಸರಿಗೆ? ಮೊದಲು ಬಿಸ್ಕತ್ತು ಹಾಕಿದವರು ಯಾರು, ಮಳೆಗಾಲದಲ್ಲಿ ಜಗಲಿ ಕೊಟ್ಟವರು ಯಾರು, ಕಾಲಿಗೆ ಮುಳ್ಳು ಚುಚ್ಚಿದಾಗ ತೆಗೆದವರು ಯಾರು ಎಂದು ಹನ್ನೊಂದು ಮನೆಗಳೂ ಬಾಯಿಗೆ ಬಾಯಿ ಕೊಟ್ಟವು. ಯೋಗರಾಜ್ ಮೆಲ್ಲಗೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಒಪ್ಪಿಗೆ ಪತ್ರ ಜೇಬಿನಲ್ಲಿ ಭದ್ರವಾಗಿತ್ತು, ಅಷ್ಟು ಸಾಕು.

ಅರ್ಧ ಗಂಟೆಯಲ್ಲಿ ಗಲಾಟೆ ನಿಂತಿತು. ಷಣ್ಮುಖಪ್ಪ ಮೆಟ್ಟಿಲು ಹತ್ತಿ ಬಂದು ಇನ್ನೊಂದು ಹಾಳೆ ಕೊಟ್ಟರು. ‘ಬಾಡಿಗೆ ಕರಾರಿನ ಒಂಬತ್ತನೇ ಷರತ್ತಿನಂತೆ ಬಾಡಿಗೆದಾರರು ನಾಯಿ ಸಾಕತಕ್ಕದ್ದಲ್ಲ. ತಾವು ನಾಯಿಯ ಮಾಲೀಕರೆಂದು ಲಿಖಿತವಾಗಿ ಒಪ್ಪಿರುವುದರಿಂದ ನಾಳೆ ಬೆಳಿಗ್ಗೆಯೇ ಕೋಣೆ ಖಾಲಿ ಮಾಡತಕ್ಕದ್ದು. ನಾಯಿ ಇಲ್ಲೇ ಇರತಕ್ಕದ್ದು.’ ಕೆಳಗೆ ಹತ್ತು ಸಹಿ, ಒಂದು ಹೆಬ್ಬೆಟ್ಟು.

ಓದಿ ಯೋಗರಾಜ್ ನಕ್ಕ. ಒಂದೇ ದಿನದಲ್ಲಿ ಅವನು ಬೀದಿಯ ಪದ್ಧತಿ ಕಲಿತಿದ್ದ. “ಗೊತ್ತಾಯ್ತು ಸಾರ್. ಕೊಡೋದು ಪದ್ಧತಿ, ಈಡೇರಿಸೋ ಹಾಗಿಲ್ಲ, ಅಲ್ವಾ?”

“ಅದು ಮನವಿಗೆ ಕಣಪ್ಪಾ. ಇದು ನೋಟಿಸು,” ಎಂದರು ಷಣ್ಮುಖಪ್ಪ. ಅವರಿಗೆ ನಿಜಕ್ಕೂ ಬೇಸರವಾಗಿತ್ತು. “ಮನವಿ ಕೆಳಗಿಂದ ಮೇಲಕ್ಕೆ ಹೋಗುತ್ತೆ, ಅಲ್ಲೇ ಮಲಗುತ್ತೆ. ನೋಟಿಸು ಮೇಲಿಂದ ಕೆಳಕ್ಕೆ ಬರುತ್ತೆ. ಕೆಳಕ್ಕೆ ಬಂದಿದ್ದು ಜಾರಿ ಆಗದೆ ಇದ್ದದ್ದನ್ನ ನಾನು ಸರ್ವೀಸಿನಲ್ಲೇ ನೋಡಿಲ್ಲ.”

ಬೆಳಿಗ್ಗೆ ಹುಲಿಗೆಮ್ಮ ದಾರಿಗೆಂದು ರೊಟ್ಟಿ ಕಟ್ಟಿಕೊಟ್ಟು, ಆಗಾಗ ಬಂದು ಕೆಂಚನನ್ನು ನೋಡಿಕೊಂಡು ಹೋಗಪ್ಪ ಎಂದು ಅತ್ತಳು. ಶಿವರಾಮ ಬ್ಯಾಗಿನ ಹರಿದ ಜಿಪ್ಪನ್ನು ಬಿಟ್ಟಿ ಹಾಕಿಕೊಟ್ಟ. ನಾಯಿ ಬಸ್‌ಸ್ಟ್ಯಾಂಡಿನವರೆಗೂ ಜೊತೆಗೆ ಬಂದು, ಅವನನ್ನು ಹತ್ತಿಸಿ, ತಿಂಡಿಯ ಹೊತ್ತಾಯಿತೆಂದು ಹಿಂದಿರುಗಿತು.

ಶಂಕರಘಟ್ಟದಲ್ಲಿ ಪ್ರಿಯಂವದಾ ಮೇಡಂ ಒಪ್ಪಿಗೆ ಪತ್ರ ಓದಿ ತಲೆದೂಗಿದರು. ಆಮೇಲೆ ಅವನ ಕಾಲಿನ ಹತ್ತಿರವಿದ್ದ ಬ್ಯಾಗು, ಚಾಪೆ, ಬಕೀಟು ಕಣ್ಣಿಗೆ ಬಿದ್ದವು. ಕೇಳಿದರು. ಅವನು ಎಲ್ಲವನ್ನೂ ಹೇಳಿದ. ಅವರು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು ಭುಜ ಅಲುಗುವಷ್ಟು ನಕ್ಕರು. ಕೊನೆಗೆ ಈ ಕಡೆ ತಿರುಗಿ, ಪೆನ್ನು ಎತ್ತಿಕೊಂಡು ವರದಿಯಲ್ಲಿ ಬರೆದರು: ‘ಮನೆ ಸಿಕ್ಕ ಜೀವ: ಒಂದು. ಮನೆ ಕಳೆದುಕೊಂಡ ಜೀವ: ಒಂದು. ನಿವ್ವಳ: ಸೊನ್ನೆ.’

“ಒಂದು ವಾರ ಟೈಮ್ ಕೊಡ್ತೀನಿ ಯೋಗರಾಜ್,” ಎಂದು ಹೊಸದೊಂದು ದತ್ತು ಪತ್ರವನ್ನು ಅವನ ಮುಂದಿಟ್ಟರು. “ಈ ಸಲ ನೀನು ಬೀದಿ ಬೀದಿ ಸುತ್ತಬೇಕಾಗಿಲ್ಲ. ಪ್ರಾಣಿಯ ಹೆಸರು ಅನ್ನೋ ಕಡೆ ನಿನ್ನ ಹೆಸರು ಬರಿ. ಮಾಲೀಕರ ಕಾಲಂ ಸದ್ಯಕ್ಕೆ ಖಾಲಿ ಇರಲಿ.”